ದನಿ ಇಲ್ಲದ ದಿನಗಳಲ್ಲಿ ವಾಷ್ಟಿ ಬನ್ಯನ್

ಥೈರಾಯ್ಡ್ ಗಂಟು ತೆಗೆದ ಮಾರನೆಯ ದಿನ ನೀರು ಕುಡಿದರೆ ಕೆಮ್ಮು, ಮಾತಾಡಹೋದರೆ ಬರೀ ಗಾಳಿ. ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು ಎಡಗಡೆಯ ಸ್ವರತಂತು ಅಲ್ಲಾಡುತ್ತಿಲ್ಲ ಅಂದರು. ಅದನ್ನು ಆಡಿಸುವ ನರ ಥೈರಾಯ್ಡ್ ಗ್ರಂಥಿಯ ಬೆನ್ನಿಗೇ ಹಾದುಹೋಗುತ್ತದೆ, ಆಪರೇಷನ್ನಿನಲ್ಲಿ ಪೆಟ್ಟಾಗುವುದುಂಟು. ಎಷ್ಟೋ ಸಲ ತಾನಾಗಿಯೇ ಸರಿಹೋಗುತ್ತದೆ. ಆರು ತಿಂಗಳೋ ವರ್ಷವೋ, ಹೇಳಲಾಗದು. ಭಾವಗೀತೆ ಹಾಡಿ, ನಾಲ್ಕು ಮಕ್ಕಳಿಗೆ ಪಾಠ ಹೇಳಿ ಬದುಕುತ್ತಿದ್ದವಳು ನಾನು.

ಗದ್ದವನ್ನು ಎದೆಗೊತ್ತಿ ಗುಟುಕು ಗುಟುಕಾಗಿ ನುಂಗುವುದನ್ನು ಕಲಿತೆ. ಫೋನಿನಲ್ಲಿ ನನ್ನ ದನಿ ಕೇಳಿದವರು ‘ಹೇಳಿ ಸಾರ್’ ಅನ್ನುತ್ತಿದ್ದರು. ಮಗಳನ್ನು ಊಟಕ್ಕೆ ಕರೆಯಲು ಸ್ಟೀಲ್ ತಟ್ಟೆಗೆ ಚಮಚದಿಂದ ಬಡಿಯುತ್ತಿದ್ದೆ. ಇದಕ್ಕೆಲ್ಲ ಒಗ್ಗಿಕೊಳ್ಳಬಹುದು. ರಾತ್ರಿ ಅವಳು ಹಾಡು ಅಂದಾಗ ನನ್ನದೇ ಹಳೆಯ ರೆಕಾರ್ಡಿಂಗ್ ಹಾಕಿ, ಪಕ್ಕದಲ್ಲಿ ಬಾಯಿಮುಚ್ಚಿಕೊಂಡು ಮಲಗುವುದಕ್ಕೆ ಮಾತ್ರ ಕೊನೆಯವರೆಗೂ ಒಗ್ಗಲಿಲ್ಲ.

ಗಾಯಕಿ ವಾಷ್ಟಿ ಬನ್ಯನ್ ಹಾಡುಗಳನ್ನು ಕಳಿಸಿದ್ದು ಹಳೆಯ ಶಿಷ್ಯೆಯೊಬ್ಬಳು. ಉಸಿರಿಗಿಂತ ಒಂಚೂರೇ ಜೋರಾದ ದನಿ. 1965ರಲ್ಲಿ ಲಂಡನ್ನಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಮ್ಯಾನೇಜರ್ ಆಂಡ್ರ್ಯೂ ಲೂಗ್ ಓಲ್ಡಮ್ ಈಕೆಯಿಂದ ಹಾಡಿಸಿದ ಮೊದಲ ರೆಕಾರ್ಡು ಈಕೆಯ ಸ್ವಂತ ರಚನೆಯಲ್ಲ, ಅದೇ ತಂಡದ ಜ್ಯಾಗರ್–ರಿಚರ್ಡ್ಸ್ ಬರೆದದ್ದು. ಅದು ಓಡಲಿಲ್ಲ. 1968ರಲ್ಲಿ ಗೆಳೆಯನ ಜೊತೆ ಕುದುರೆಗಾಡಿ ಕಟ್ಟಿಕೊಂಡು, ಗಾಯಕ ಡೊನೊವನ್ ಕಲಾವಿದರಿಗೆ ನೆಲೆ ಕಟ್ಟಲಿದ್ದ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಕಡೆ ಹೊರಟರು. ಹಾದಿಯಲ್ಲೇ ಹಾಡು ಹುಟ್ಟಿದವು. ತಲುಪುವಷ್ಟರಲ್ಲಿ ಡೊನೊವನ್ನೇ ಅಲ್ಲಿರಲಿಲ್ಲ. ಆ ಹಾಡುಗಳನ್ನು ನಿರ್ಮಾಪಕ ಜೋ ಬಾಯ್ಡ್ ರೆಕಾರ್ಡ್ ಮಾಡಿಸಿದರು. ‘ಜಸ್ಟ್ ಅನದರ್ ಡೈಮಂಡ್ ಡೇ’ 1970ರ ಕೊನೆಗೆ ಹೊರಬಂತು, ಕೊಂಡವರು ತೀರಾ ಕಡಿಮೆ. ಆಕೆ ಹಾಡುವುದನ್ನೇ ಬಿಟ್ಟರು.

2000ದಲ್ಲಿ ಆ ಆಲ್ಬಮ್ ಮರುಬಿಡುಗಡೆಯಾಗಿ ಹೊಸ ಹುಡುಗರು ಮುಗಿಬಿದ್ದದ್ದು, 2005ರಲ್ಲಿ ಎರಡನೆಯ ಆಲ್ಬಮ್ ಬಂದದ್ದು ಎಲ್ಲರೂ ಸಂಭ್ರಮದಿಂದ ಹೇಳುವ ಭಾಗ. ಕಳೆದುಹೋದ ಒಡವೆ ಸಿಕ್ಕಂತೆ ಬರೆಯುತ್ತಾರೆ. ಹಾಗೆ ಬರೆಯುವವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ನಡುವಿನ ಮೂವತ್ತು ವರ್ಷ ಆಕೆ ತಮ್ಮ ಮಕ್ಕಳಿಗೂ ಹಾಡಿರಲಿಲ್ಲ. ನರಕ್ಕೇನೂ ಆಗಿರಲಿಲ್ಲ, ಗಂಟಲು ಚೆನ್ನಾಗಿಯೇ ಇತ್ತು. ನಾಲ್ಕು ಜನ ಕೇಳಲಿಲ್ಲವಲ್ಲ ಎಂಬ ಅವಮಾನಕ್ಕೆ ಮನೆಯೊಳಗೂ ದನಿ ಅಡಗಿಹೋಯಿತು. ಮಾರಾಟದ ಲೆಕ್ಕ ತೊಟ್ಟಿಲವರೆಗೂ ಬರುತ್ತದೆಯೇ? ಬರುತ್ತದೆ. ಕಛೇರಿಗಳು ತಪ್ಪಿಹೋದ ಆ ದಿನಗಳಲ್ಲಿ ನನಗದು ಚೆನ್ನಾಗಿ ಗೊತ್ತಾಗಿತ್ತು.

ಸ್ಪೀಚ್ ಥೆರಪಿಯವರು ಮೊದಲು ಬರೀ ‘ಮ್’ ಹೇಳಿಸಿದರು, ಆಮೇಲೆ ಒಂದೊಂದೇ ಸ್ವರ. ಐದೂವರೆ ಶ್ರುತಿಯಲ್ಲಿ ಹಾಡುತ್ತಿದ್ದವಳು ಈಗ ನಾಲ್ಕಕ್ಕೆ ಇಳಿದಿದ್ದೇನೆ, ತಾರ ಷಡ್ಜ ಒಡೆಯುತ್ತದೆ. ಕಾರ್ಯಕ್ರಮಕ್ಕೆ ಕರೆದವರಿಗೆ ಈಗಲೇ ಬೇಡ ಎಂದಿದ್ದೇನೆ. ಮಗಳಂತೂ ‘ಅಜ್ಜನ ಥರ ಹಾಡ್ತೀಯಮ್ಮ’ ಅಂತ ನಗುತ್ತಾಳೆ, ನಕ್ಕು ಇನ್ನೊಂದು ಹಾಡು ಕೇಳುತ್ತಾಳೆ.