ಮಾವನ ಜಪಾನೀ ಕಾರು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲನೆಯವನು. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಇದರ ತೊಂದರೆ ಅನುಭವಿಸಿದವರಿಗೇ ಗೊತ್ತು. ಬ್ಯಾಂಕಿನ ನೋಟೀಸು ಬಂದರೆ ನನ್ನ ಬಳಿಗೆ, ಆಸ್ಪತ್ರೆಯ ಚೀಟಿ ಬಂದರೆ ನನ್ನ ಬಳಿಗೆ, ಗೊಬ್ಬರದ ಚೀಲದ ಮೇಲಿನ ಬರಹವೂ ನನ್ನ ಬಳಿಗೆ. “ಬಿ.ಎ. ಓದುವ ಹುಡುಗ, ಇಷ್ಟು ತಿಳಿಯದೇನು?” ಎನ್ನುತ್ತಾರೆ. ತಿಳಿಯದು ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗೆ ಬಾಯಿ ಬಾರದೆ ಹೋದ ಒಂದು ದಿನದ ಕತೆ ಇದು.

ನನ್ನ ಸೋದರಮಾವ ಹತ್ತನೆಯ ತರಗತಿ ಮುಗಿಸಿ, ಐ.ಟಿ.ಐ. ಕಲಿತು, ಬೆಂಗಳೂರಿನ ಗ್ಯಾರೇಜುಗಳಲ್ಲಿ ಹದಿನೈದು ವರ್ಷ ಲಾರಿಗಳ ಕೆಳಗೆ ಮಲಗಿದವನು. 2023ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೋದ. ಅಲ್ಲಿಯೂ ಲಾರಿ ರಿಪೇರಿಯೇ. ಇಂಗ್ಲಿಷಿನಲ್ಲಿ ಮಾತಾಡಿ ನಿಭಾಯಿಸಬಲ್ಲ; ಕಾಗದ ಕಂಡರೆ ಮಾತ್ರ ಹೆದರುತ್ತಾನೆ. ಕೆಲಸ ಬೆಳಗಿನ ಐದು ಗಂಟೆಗೆ. ಆ ಹೊತ್ತಿಗೆ ಅವನ ಬೀದಿಗೆ ಬಸ್ಸಿಲ್ಲ. ಜೊತೆಗೆ ಕರೆದೊಯ್ಯುತ್ತಿದ್ದ ಗೆಳೆಯ ಬೇರೆ ಊರಿಗೆ ಹೋದ ಮೇಲೆ ಕಾರು ಬೇಕೇಬೇಕಾಯಿತು. ಕೂಡಿಟ್ಟ ಹಣವನ್ನು ಅವನು ಎರಡು ಗಂಟು ಮಾಡಿದ್ದ: ಒಂದು ಕಾರಿಗೆ, ಇನ್ನೊಂದು ನನ್ನನ್ನು ಮೈಸೂರಿನಲ್ಲಿ ಎಂ.ಎ.ಗೆ ಸೇರಿಸಲು.

ಆ ದೇಶದಲ್ಲಿ ಕಾರು ತಯಾರಾಗುವುದಿಲ್ಲ. ಭಾಗಗಳನ್ನು ತಂದು ಜೋಡಿಸುವ ಕಾರ್ಖಾನೆಗಳಿದ್ದವು. 1998ರಲ್ಲಿ ಆಮದು ಸುಂಕ ತೆಗೆದಾಗ ಉಳಿದಿದ್ದವೂ ಮುಚ್ಚಿದವು. ನಮ್ಮ ಅರ್ಥಶಾಸ್ತ್ರದ ಮೇಷ್ಟರು ರಿಕಾರ್ಡೋವಿನ ಬಟ್ಟೆ ಮತ್ತು ದ್ರಾಕ್ಷಾರಸದ ಪಾಠ ಮಾಡುವಾಗ ನಾನು ಆಕಳಿಸಿದ್ದುಂಟು. ಮಾವನ ಕಾರಿನ ದೆಸೆಯಿಂದ ಆ ಪಾಠ ತಡವಾಗಿ ತಲೆಗೆ ಹೋಯಿತು. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ಸರ್ಕಾರಿ ತಪಾಸಣೆ ಕಡ್ಡಾಯ. ಅದರ ಖರ್ಚು ಬಹಳ. ಅನೇಕರು ಗಟ್ಟಿಯಾಗಿರುವ ಕಾರನ್ನೇ ಮಾರಿಬಿಡುತ್ತಾರೆ, ಅದು ಹರಾಜಿಗೆ ಬರುತ್ತದೆ. ಎರಡು ದೇಶಗಳಲ್ಲಿಯೂ ನಮ್ಮಂತೆ ರಸ್ತೆಯ ಎಡಗಡೆಯ ಸಂಚಾರ, ಸ್ಟಿಯರಿಂಗು ಬಲಕ್ಕೆ. ಹೀಗಾಗಿ ಜಪಾನಿನ ಹಳೆಯ ಕಾರು ಹಡಗು ಹತ್ತಿ ನ್ಯೂಜಿಲೆಂಡಿಗೆ ಇಳಿಯುತ್ತದೆ.

ಮಾವನು ಬಯಸಿದ್ದು ಟೊಯೋಟಾ ಆಕ್ವಾ ಎಂಬ ಹೈಬ್ರಿಡ್ ಕಾರು, 2017ರದು. ಅದಕ್ಕೆ ಪೆಟ್ರೋಲ್ ಎಂಜಿನ್ನೂ ಉಂಟು, ವಿದ್ಯುತ್ ಮೋಟಾರೂ ಉಂಟು. ನಮ್ಮಜ್ಜನಿಗೆ ಇದನ್ನು ತಿಳಿಸಲು ನಾನು ಎತ್ತಿನ ಗಾಡಿಯ ಹೋಲಿಕೆ ಕೊಟ್ಟೆ: ಇಳಿಜಾರಿನಲ್ಲಿ ಎತ್ತುಗಳು ಗಾಡಿಯನ್ನು ತಡೆದು ಹಿಡಿಯುವ ಶ್ರಮವೆಲ್ಲ ವ್ಯರ್ಥವಷ್ಟೆ? ಈ ಕಾರು ಬ್ರೇಕು ಹಿಡಿದಾಗ ಆ ಶಕ್ತಿಯನ್ನು ಬ್ಯಾಟರಿಯಲ್ಲಿ ಕೂಡಿಟ್ಟು, ಏರಿನಲ್ಲಿ ಹಿಂದಕ್ಕೆ ಕೊಡುತ್ತದೆ. ಅಜ್ಜ, “ಹಾಗಾದರೆ ಜಿಪುಣನ ಕಾರು ಅನ್ನು” ಎಂದ. ಇಂಥ ಕಾರುಗಳಿಗೆ ಅಲ್ಲಿನ ಸರ್ಕಾರ ಕೊಡುತ್ತಿದ್ದ ಸಹಾಯಧನ 2023ರ ಡಿಸೆಂಬರ್ 31ಕ್ಕೆ ನಿಂತಿತು. ಮಾವನ ಗಂಟು ತುಂಬುವ ಹೊತ್ತಿಗೆ ಆರು ತಿಂಗಳು ತಡವಾಗಿತ್ತು.

2024ರ ಜುಲೈ ತಿಂಗಳ ಒಂದು ದಿನ ಹನ್ನೊಂದೂವರೆಗೆ, ಎಂದರೆ ಮಾವನಿಗೆ ಸಂಜೆ ಆರು, ವಾಟ್ಸಾಪಿನಲ್ಲಿ ಒಂದು ಹಾಳೆ ಬಂತು. ಮರುದಿನದ ಹರಾಜಿನ ತಪಾಸಣಾ ಪತ್ರ. ಕೂಗಬೇಕೋ ಬೇಡವೋ ಎಂದು ದಳ್ಳಾಳಿಗೆ ಒಂದು ಗಂಟೆಯೊಳಗೆ ಹೇಳಬೇಕು. ಮೇಲೆಲ್ಲ ಜಪಾನೀ ಲಿಪಿ. ಕೆಳಗೆ ಬಿಚ್ಚಿ ಹಾಸಿದಂತೆ ಕಾರಿನ ಚಿತ್ರ. ಚಿತ್ರದ ಮೇಲೆ ಅಲ್ಲಲ್ಲಿ ಎ-1, ಯು-1, ಎಸ್ ಎಂಬ ಇಂಗ್ಲಿಷ್ ಅಕ್ಷರಗಳು. ಎ ಎಂದರೆ ಆಕ್ಸಿಡೆಂಟಿರಬಹುದೆಂದು ನನ್ನೆದೆ ಡವಗುಟ್ಟಿತು. ಹುಡುಕಿ ನೋಡಿದರೆ ಅದು ಬರಿಯ ಗೀರು. ಯು ಎಂದರೆ ತಗ್ಗು. ಅಷ್ಟರಲ್ಲಿ ಮಾವ ಫೋನು ಮಾಡಿದ. “ಎಸ್ ಅಂದರೇನೋ?” ಎಂದ. ನಾನು ಕಾಲೇಜಿನ ಬೇವಿನ ಮರದ ಕೆಳಗೆ ನಿಂತಿದ್ದೆ, ಸುತ್ತ ಗೆಳೆಯರಿದ್ದರು. ಒಂದು ನಿಮಿಷ ತಡೆದಿದ್ದರೆ ಆಗುತ್ತಿತ್ತು. “ಸ್ಮಾಲ್ ಮಾವ, ಸಣ್ಣಪುಟ್ಟದ್ದು” ಎಂದೆ. “ಸರಿ, ನೀನು ಓದಿದವನು” ಎಂದು ಅವನು ಫೋನಿಟ್ಟ. ಕಾರು ಅವನ ಪಾಲಿಗೆ ಬಂತು.

ಮಿತ್ರರೆ, ಅಕ್ಷರ ಇಂಗ್ಲಿಷಿನದು, ಮಾತು ಜಪಾನಿನದು. ಜಪಾನೀ ಭಾಷೆಯಲ್ಲಿ ಸಬಿ ಎಂದರೆ ತುಕ್ಕು. ಎಸ್ ಎಂಬುದು ಅದರ ಮೊದಲಕ್ಷರ.

ಕಾರಿದ್ದದ್ದು ಉತ್ತರದ ಹೊಕ್ಕೈಡೋ ದ್ವೀಪದಲ್ಲಿ. ಅಲ್ಲಿ ಚಳಿಗಾಲವೆಲ್ಲ ಹಿಮ. ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ಕಾರಿನ ತಳವನ್ನು ತಿನ್ನುತ್ತದೆ. ಹಾಳೆಯ ತಲೆಯ ಮೇಲೆಯೇ ಸಪ್ಪೊರೊ ಎಂದು ಬರೆದಿತ್ತಂತೆ. ಯಾರು ಓದಬೇಕು?

ನ್ಯೂಜಿಲೆಂಡಿನ ಬಂದರು ನಮ್ಮ ಮದುವೆಯ ಬೀಗರಿಗಿಂತ ಕಠಿಣ. ಕಾರಿನಲ್ಲಿ ಹೊರಗಿನ ಮಣ್ಣು, ಬೀಜ, ಹುಳು ಇರಕೂಡದು. 2018ರ ಫೆಬ್ರವರಿಯಲ್ಲಿ ಜಪಾನಿನಿಂದ ಕಾರು ಹೊತ್ತು ಬಂದ ಹಡಗುಗಳಲ್ಲಿ ಒಂದು ಜಾತಿಯ ನಾರುವ ತಿಗಣೆ ಕಂಡುಬಂದು, ಹಡಗುಗಳನ್ನೇ ಹಿಂದಕ್ಕೆ ಅಟ್ಟಿದ್ದರು. ಹಣ್ಣಿನ ತೋಟಗಳಿಂದ ಬದುಕುವ ದ್ವೀಪಕ್ಕೆ ಆ ಭಯ ಸಹಜವೇ. ಹುಳುವಿನ ಪರೀಕ್ಷೆಯಲ್ಲಿ ಮಾವನ ಕಾರು ಪಾಸಾಯಿತು. ತುಕ್ಕಿನ ಪರೀಕ್ಷೆಯಲ್ಲಿ ನಪಾಸು. ಬಾಗಿಲ ಕೆಳಗಿನ ತೊಲೆಯ ಕಬ್ಬಿಣ ಹುಡಿಯಾಗಿತ್ತು. ಅದು ಕಾರಿನ ಎಲುಬು. ಅದನ್ನು ಮಾವ ತಾನೇ ಬೆಸುಗೆ ಹಾಕಿಕೊಳ್ಳುವಂತಿಲ್ಲ, ಅಧಿಕಾರ ಪಡೆದ ತಜ್ಞ ನೋಡಿ ಪ್ರಮಾಣಪತ್ರ ಕೊಡಬೇಕು. ಕಾರಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಎಲ್ಲದರ ಮೇಲೆ ನೂರಕ್ಕೆ 15ರಂತೆ ತೆರಿಗೆ ಕಟ್ಟಿ ಮೊದಲನೆಯ ಗಂಟು ಬರಿದಾಗಿತ್ತು. ಎರಡನೆಯದನ್ನು ಬಿಚ್ಚಬೇಕಾಯಿತು.

ಅವನು ಬೈದಿದ್ದರೆ ಚೆನ್ನಾಗಿತ್ತು. “ಹದಿನೈದು ವರ್ಷ ತುಕ್ಕು ಕೆರೆದವನು ನಾನು, ಫೋಟೋ ನೋಡಿದಾಗಲೇ ನನಗೆ ತಿಳಿಯಬೇಕಿತ್ತು” ಎಂದು ತಪ್ಪನ್ನು ತನ್ನ ಮೇಲೆಯೇ ಎಳೆದುಕೊಂಡ. ಮನೆಯಲ್ಲಿ ನಾನು ಯಾರಿಗೂ ನಿಜ ಹೇಳಲಿಲ್ಲ. ಮಾವನೂ ಹೇಳಲಿಲ್ಲ. ಅಮ್ಮ ಈಗಲೂ, ಹಡಗಿನವರು ಮೋಸ ಮಾಡಿದರು ಎಂದು ನೆರೆಯವರಿಗೆ ಹೇಳುತ್ತಾಳೆ; ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ. ಎಂ.ಎ. ವಿಷಯ ಏನಾಗುವುದೋ ಕಾಣೆ. ಈ ಪುಟಗಳು ನಮ್ಮ ಊರಿಗೆ ತಲುಪಿದರೆ ಓದಿ ಹೇಳಬೇಕಾದವನೂ ನಾನೇ.

ಅಕ್ಟೋಬರಿನಲ್ಲಿ ಕಾರು ರಸ್ತೆಗಿಳಿಯಿತು. ಹಿಂದಿನ ಸೀಟಿನ ಪಕ್ಕದಲ್ಲಿ ಬ್ಯಾಟರಿಗೆ ಗಾಳಿ ಹೋಗುವ ಕಿಂಡಿಯಿದೆ. ಅದನ್ನು ಮಾವ ಬಿಚ್ಚಿ ನೋಡಿದರೆ ಒಳಗೆಲ್ಲ ನಾಯಿಯ ಕೂದಲು. ಹಳೆಯ ಯಜಮಾನ ನಾಯಿ ಸಾಕಿದ್ದನೆಂದು ಕಾಣುತ್ತದೆ. ರೇಡಿಯೋ ಇನ್ನೊಂದು ತಮಾಷೆ: ಜಪಾನಿನ ಎಫ್.ಎಂ. 76ರಿಂದ ಮೊದಲಾಗುತ್ತದೆ, ನ್ಯೂಜಿಲೆಂಡಿನದು 88ರಿಂದ 108. ಆದ್ದರಿಂದ ಮಾವನಿಗೆ ತಳದ ಒಂದೆರಡು ಸ್ಟೇಷನ್ನು ಬಿಟ್ಟರೆ ಉಳಿದದ್ದೆಲ್ಲ ಮೌನ.

ಅದೇ ವಾರ ಅವನಿಂದ ಒಂದು ಧ್ವನಿಮುದ್ರಿಕೆ ಬಂತು. ಕೀಲಿ ಒತ್ತಿದೊಡನೆ ಕಾರಿನೊಳಗೆ ಹೆಂಗಸೊಬ್ಬಳು ಮೆಲ್ಲಗೆ ಜಪಾನಿಯಲ್ಲಿ ಏನೋ ಹೇಳುತ್ತಾಳೆ. “ದಿನಾ ಬೆಳಿಗ್ಗೆ ನಾಲ್ಕೂವರೆಗೆ ಇದನ್ನೇ ಹೇಳುತ್ತಾಳೆ. ಏನಂತೋ?”

“ನನಗೆ ಗೊತ್ತಿಲ್ಲ ಮಾವ” ಎಂದೆ. “ಕೇಳಿ ತಿಳಿದು ಹೇಳುತ್ತೇನೆ.”

ನಾಲ್ಕು ದಿನ ಹಿಡಿಯಿತು. ಜಪಾನಿನ ಹೆದ್ದಾರಿಗಳಲ್ಲಿ ಸುಂಕ ಕಟ್ಟುವ ಕಾರ್ಡೊಂದಿದೆ. ಅದನ್ನು ಯಂತ್ರಕ್ಕೆ ಹಾಕಿಲ್ಲ ಎಂದು ಅವಳು ನೆನಪಿಸುತ್ತಾಳೆ, ಅಷ್ಟೆ. ಮಾವ ಬಹಳ ಹೊತ್ತು ನಕ್ಕ. ಆ ಯಂತ್ರವನ್ನು ಕಿತ್ತುಹಾಕಲೇ ಎಂದು ಕೇಳಿ, “ಬೇಡ, ಇರಲಿ ಬಿಡು. ಆ ಹೊತ್ತಿನಲ್ಲಿ ನನ್ನನ್ನು ಮಾತಾಡಿಸುವವರು ಬೇರೆ ಯಾರಿದ್ದಾರೆ?” ಎಂದ.