ತೇಲದೆ, ಮುಳುಗದೆ

ನೀರಿಗಿಳಿದವನಿಗೆ ತೇಲುವುದು ಇಲ್ಲವೆ ಮುಳುಗುವುದು, ಇವೆರಡೇ ಗತಿ ಎಂದು ಲೋಕ ಭಾವಿಸುತ್ತದೆ. ಒಣ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತ ನನಗೂ ಆ ಎರಡು ಗತಿಗಳಷ್ಟೇ ಪರಿಚಿತವಾಗಿದ್ದವು. ಆದರೆ ಇವೆರಡರ ನಡುವೆ ಮೂರನೆಯ ಸ್ಥಿತಿಯೊಂದುಂಟು. ಮೀನು ಅದನ್ನು ಹುಟ್ಟಿನಿಂದಲೇ ಬಲ್ಲದು. ಮನುಷ್ಯ ಶ್ರಮಪಟ್ಟು ಕಲಿಯಬೇಕು. ನಾನು ಅದನ್ನು ಕಲಿತದ್ದು ದೂರದ ಮೆಕ್ಸಿಕೊ ದೇಶದ ಯುಕಟಾನ್ ಪರ್ಯಾಯದ್ವೀಪದಲ್ಲಿ.

ಯುಕಟಾನ್ ಸುಣ್ಣಕಲ್ಲಿನ ನಾಡು. ಮಳೆಯ ನೀರು ಯುಗಯುಗಗಳಿಂದ ಕಲ್ಲನ್ನು ಕರಗಿಸಿ ನೆಲದಡಿಯಲ್ಲಿ ಗುಹೆಗಳ ಜಾಲವನ್ನೇ ನಿರ್ಮಿಸಿದೆ. ಗುಹೆಯ ಮಾಡು ಕುಸಿದ ಕಡೆಗಳಲ್ಲಿ ತಿಳಿನೀರಿನ ಮಡುಗಳಾಗಿವೆ. ಅಲ್ಲಿಯ ಜನ ಇವನ್ನು 'ಸೆನೋಟೆ' ಎನ್ನುತ್ತಾರೆ. ಈ ಜಲಗುಹೆಗಳ ಕೆಲವು ದಾರಿಗಳು ಬಲು ಇಕ್ಕಟ್ಟು. ಗಾಳಿಯ ಸಿಲಿಂಡರನ್ನು ಬೆನ್ನ ಮೇಲೆ ಹೊತ್ತರೆ ಅದು ಮಾಡಿಗೆ ತಾಗುತ್ತದೆ. ಆದುದರಿಂದ ಮುಳುಗುಗಾರರು ಎರಡು ಸಿಲಿಂಡರುಗಳನ್ನು ಎರಡು ಕಂಕುಳ ಕೆಳಗೆ, ಪಕ್ಕೆಗಳಿಗೆ ಒತ್ತಿದಂತೆ ಕಟ್ಟಿಕೊಳ್ಳುತ್ತಾರೆ. ಇಂಗ್ಲೆಂಡಿನ ಜಲಗುಹೆಗಳ ಅನ್ವೇಷಕರು 1960ರ ದಶಕದಲ್ಲಿ ರೂಢಿಸಿಕೊಂಡ ಕ್ರಮವಿದು.

ಕ್ರಿಸ್ತಪೂರ್ವ ಮೂರನೆಯ ಶತಮಾನದ ಆರ್ಕಿಮಿಡೀಸನ ತತ್ತ್ವವನ್ನು ನೀವು ಓದಿರುವಿರಿ. ವಸ್ತುವಿನ ತೂಕವೂ ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕವೂ ಸಮವಾದರೆ ಆ ವಸ್ತು ಏಳದು, ಇಳಿಯದು. ಆದರೆ ಒಟ್ಟು ತೂಕ ಸರಿಯಾದರೆ ಸಾಲದು. ಅದು ದೇಹದ ಯಾವ ಭಾಗದಲ್ಲಿದೆ ಎಂಬುದೂ ಮುಖ್ಯ. ಶ್ವಾಸಕೋಶವಿರುವ ಎದೆ ಮೇಲಕ್ಕೇಳಲು ಬಯಸುತ್ತದೆ, ಕಾಲುಗಳು ಇಳಿಯಲು ಬಯಸುತ್ತವೆ. ದೇಹ ಹೀಗೆ ಓರೆಯಾದರೆ ಕಾಲಿನ ಬಡಿತಕ್ಕೆ ಗುಹೆಯ ತಳದ ನುಣ್ಣನೆಯ ಹೂಳು ಕದಡುತ್ತದೆ. ಕ್ಷಣಾರ್ಧದಲ್ಲಿ ತನ್ನ ಕೈ ತನಗೇ ಕಾಣದು. ಹೊರದಾರಿಯನ್ನು ತೋರುವ ಹುರಿಯೂ ಕಣ್ಮರೆಯಾಗುತ್ತದೆ. ತಲೆಯ ಮೇಲೆ ಆಕಾಶವಿಲ್ಲದ ಆ ತಾಣದಲ್ಲಿ ಸಮತೋಲವೆಂಬುದು ಅಂದಚೆಂದದ ಮಾತಲ್ಲ, ಪ್ರಾಣದ ಮಾತು. ಅದಕ್ಕಾಗಿಯೇ ಸೀಸದ ಸಣ್ಣ ಗಟ್ಟಿಗಳನ್ನು ಬೆನ್ನೆಲುಬಿನ ಉದ್ದಕ್ಕೆ ಜೋಡಿಸಿಕೊಳ್ಳುತ್ತೇವೆ. ಕಾಲು ಇಳಿದರೆ ಸೀಸವನ್ನು ಹೆಗಲ ಕಡೆಗೂ, ಕಾಲು ಎದ್ದರೆ ಸೊಂಟದ ಕಡೆಗೂ ಸರಿಸುತ್ತೇವೆ. ನೀರಿನ ಮೇಲೆ ಹಲಗೆ ಮಲಗಿದಂತೆ ದೇಹ ನೀರಿನೊಳಗೆ ಮಲಗಬೇಕು.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಗಾಳಿಗೂ ತೂಕವುಂಟು. ಹನ್ನೊಂದು ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ ಸುಮಾರು 2.5 ಕಿಲೋಗ್ರಾಂ ತೂಗುತ್ತದೆ. ತುಂಬಿದಾಗ ನೀರಿನಲ್ಲಿ ಮುಳುಗುವ ಅದೇ ಸಿಲಿಂಡರು ಬರಿದಾಗುತ್ತ ಬಂದಂತೆ ಬುಡವನ್ನೆತ್ತಿ ತೇಲತೊಡಗುತ್ತದೆ. ಆಗ ಅದರ ಬುಡದ ಕೊಕ್ಕೆಯನ್ನು ಸೊಂಟಪಟ್ಟಿಯಲ್ಲಿ ಮುಂದಕ್ಕೆ ಸಿಕ್ಕಿಸಬೇಕು. ಒಂದೇ ಕಡೆಯ ಗಾಳಿಯನ್ನು ಸೇವಿಸಿದರೆ ಆ ಪಕ್ಕ ಹಗುರವಾಗಿ ದೇಹ ವಾಲುತ್ತದೆ. ಆದ್ದರಿಂದ ಎಡದಿಂದ ಕೆಲವು ಕಾಲ, ಬಲದಿಂದ ಕೆಲವು ಕಾಲ ಉಸಿರಾಡುತ್ತ ಎರಡನ್ನೂ ಸರಿಸಮವಾಗಿ ಕರಗಿಸಬೇಕು. ಕಾವಡಿಯ ಎರಡು ಕೊಡಗಳಿಂದಲೂ ಸಮನಾಗಿ ನೀರು ಹಂಚಿದಂತೆ ಇದು.

ಆ ಗುಹೆಗಳಲ್ಲಿ ಇನ್ನೊಂದು ಸೋಜಿಗವಿದೆ. ಮೇಲೆ ಸಿಹಿನೀರು, ಅದರ ಕೆಳಗೆ ಭೂಮಿಯೊಳಗೆ ನುಗ್ಗಿಬಂದ ಕಡಲ ನೀರು. ಎರಡೂ ಕೂಡುವೆಡೆಯಲ್ಲಿ ನೋಟ ಎಣ್ಣೆ ಕಲಸಿದಂತೆ ಮಸುಕಾಗುತ್ತದೆ. ಒಂದು ಲೀಟರ್ ಕಡಲ ನೀರು ಸಿಹಿನೀರಿಗಿಂತ ಸುಮಾರು 25 ಗ್ರಾಂ ಹೆಚ್ಚು ಭಾರ. ಸಲಕರಣೆಗಳೊಡನೆ ನೂರು ಲೀಟರ್ ನೀರನ್ನು ಸರಿಸುವ ಮನುಷ್ಯನನ್ನು ಆ ಉಪ್ಪುನೀರು ಎರಡೂವರೆ ಕಿಲೋಗ್ರಾಮಿನಷ್ಟು ಹೆಚ್ಚಾಗಿ ಮೇಲಕ್ಕೆತ್ತುತ್ತದೆ. ಕೆಳಗಿಳಿಯುವಾಗ ಗಾಳಿಚೀಲದಿಂದ ತುಸು ಗಾಳಿಯನ್ನು ಬಿಡಬೇಕು. ಸಿಹಿನೀರಿಗೆ ಮರಳುವಾಗ ತುಸು ತುಂಬಬೇಕು. ಮೇಲೆ ಸರಿಯಾಗಿದ್ದ ಲೆಕ್ಕ ಎರಡು ಮಾರು ಕೆಳಗೆ ಸರಿಯಲ್ಲ!

ಕಡೆಗೆ ಉಳಿಯುವುದು ಉಸಿರು. ಒಳಕ್ಕೆಳೆದಾಗ ದೇಹ ಕೂದಲೆಳೆಯಷ್ಟು ಏಳುತ್ತದೆ, ಬಿಟ್ಟಾಗ ಅಷ್ಟೇ ಇಳಿಯುತ್ತದೆ. ಉಸಿರನ್ನು ಬಿಗಿಹಿಡಿದು ಸ್ಥಿರವಾಗಿ ನಿಲ್ಲುವಂತಿಲ್ಲ. ಹಾಗೆ ಮೇಲೇರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಅಪಾಯ. ಆದುದರಿಂದ ಈ ವಿದ್ಯೆಯಲ್ಲಿ ನಿಶ್ಚಲತೆ ಎಂಬುದೇ ಇಲ್ಲ; ಇರುವುದು ನಿರಂತರವಾದ ಸಣ್ಣ ಸಣ್ಣ ತಿದ್ದುಪಡಿ. ದಡದಲ್ಲಿ ನಿಂತು ನೋಡುವವರಿಗೆ ಮುಳುಗುಗಾರನು ನೀರಿನಲ್ಲಿ ಸುಮ್ಮನೆ ತೂಗಿಬಿಟ್ಟಂತೆ ಕಾಣಬಹುದು. ಆ ಸುಮ್ಮನಿರುವಿಕೆಯ ಹಿಂದೆ ಎಡಬಿಡದ ಎಚ್ಚರವಿದೆ. ಬಾಳಿನಲ್ಲಿ ಸಮಚಿತ್ತರೆನಿಸಿಕೊಂಡವರನ್ನು ಕಂಡಾಗಲೂ ನನಗೆ ಹಾಗೆಯೇ ತೋರುತ್ತದೆ. ಅವರ ಸಮತೋಲ ಹುಟ್ಟಿನಿಂದ ಬಂದ ಸ್ವತ್ತಲ್ಲ. ಉಸಿರು ಉಸಿರಿಗೂ ಅವರು ಅದನ್ನು ಹೊಸದಾಗಿ ಗಳಿಸುತ್ತಿರುತ್ತಾರೆ.