ಮೂರು ಇಂಚಿನ ಅಲಗು

ನಮ್ಮ ಕಡೆಯ ಮನೆಗಳಲ್ಲಿ ‘ಆಯುಧ’ ಎಂಬ ಮಾತು ಕೇಳಿಬರುವುದು ವರ್ಷಕ್ಕೊಮ್ಮೆ, ಮಹಾನವಮಿಯ ದಿನ ಮಾತ್ರ. ಅಂದು ತೋಟದ ಕತ್ತಿ, ಕುಡುಗೋಲು, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಈಳಿಗೆಮಣೆ, ಅಡಕತ್ತರಿ ಎಲ್ಲವನ್ನೂ ತೊಳೆದು, ಕುಂಕುಮ ಹಚ್ಚಿ, ಸಾಲಾಗಿ ಇಟ್ಟು ಪೂಜಿಸುತ್ತಾರೆ. ಪೂಜೆ ಮುಗಿದ ಮೇಲೆ ಅವು ಮತ್ತೆ ಮನೆಯ ಸಾಮಾನುಗಳಾಗುತ್ತವೆ. ಶಿರಸಿ ಸೀಮೆಯಲ್ಲಿ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ರಸ್ತೆಯಲ್ಲಿ ನಡೆದು ಹೋಗುವವನನ್ನು ಕಂಡರೆ ತೋಟಕ್ಕೆ ಹೊರಟೆಯಾ ಎಂದು ವಿಚಾರಿಸುತ್ತಾರೆಯೇ ಹೊರತು ಯಾರೂ ಬೆದರಿ ಪಕ್ಕಕ್ಕೆ ಸರಿಯುವುದಿಲ್ಲ. ಅದೇ ಮನುಷ್ಯ ಅದೇ ಕತ್ತಿಯೊಡನೆ ದಾದರಿನ ಪ್ಲಾಟ್‌ಫಾರ್ಮಿನ ಮೇಲೆ ನಿಂತರೆ ಏನಾದೀತೆಂಬುದನ್ನು ಮುಂಬಯಿಯ ಓದುಗರಿಗೆ ನಾನು ವಿವರಿಸಬೇಕಿಲ್ಲ. ಊರು ಬದಲಾದರೆ ಅಲಗಿನ ಅರ್ಥ ಬದಲಾಗುತ್ತದೆ. ದೇಶ ಬದಲಾದಾಗ ಅದು ಎಷ್ಟು ಬದಲಾಗುತ್ತದೆಂಬುದನ್ನು ನಾನು ತಿಳಿದದ್ದು ನನ್ನ ತಾಯಿಯ ಕವಳದ ಸಂಚಿಯ ದೆಸೆಯಿಂದ.

ಆಯಿಗೆ ಆಗ 78 ವರ್ಷ. ತಂಗಿ ಲಂಡನ್ನಿನಲ್ಲಿ ನೆಲೆಸಿ ಬಹಳ ಕಾಲವಾಗಿತ್ತು. ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬರುವುದೆಂದು ನಿಶ್ಚಯವಾಗಿ, ಆಯಿಯನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಅವಳ ಸಂಚಿಯಲ್ಲಿ ಸುಣ್ಣದ ಡಬ್ಬಿ, ಅಡಕತ್ತರಿ, ಒಣಗಿದ ಅಡಿಕೆ, ಇವುಗಳ ಜೊತೆಗೆ ಅಪ್ಪನ ಮಡಿಚುವ ಚಾಕು ಇತ್ತು. ಅದು ಅಪ್ಪನಿಗೆ ಅವರ ಅಪ್ಪನಿಂದ ಬಂದದ್ದು. ಅಲಗಿನ ಬುಡದಲ್ಲಿ ನಕ್ಷತ್ರ ಮತ್ತು ಶಿಲುಬೆಯ ಸಣ್ಣ ಗುರುತು, ಪಕ್ಕದಲ್ಲಿ ಸವೆದುಹೋದ ಇಂಗ್ಲಿಷ್ ಅಕ್ಷರಗಳು. ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಕಂಪನಿಯ ಚಾಕು. ಒಂದು ಕಾಲದಲ್ಲಿ ಈ ‘ರಾಜರ್ ಚಾಕು’ ನಮ್ಮ ದೇಶದ ಪೇಟೆಗಳಲ್ಲೆಲ್ಲ ಸಿಗುತ್ತಿತ್ತು. ಅಪ್ಪ ಅದರಿಂದ ಪೆನ್ಸಿಲ್ ಚೂಪು ಮಾಡಿದ್ದಾರೆ, ಕಾಗದದ ಲಕೋಟೆ ಬಿಡಿಸಿದ್ದಾರೆ, ನಮ್ಮ ಕಾಲಿನ ಮುಳ್ಳು ತೆಗೆದಿದ್ದಾರೆ, ರೈಲಿನಲ್ಲಿ ಮಾವಿನ ಹಣ್ಣು ಹೆಚ್ಚಿ ಎದುರಿಗೆ ಕುಳಿತ ಅಪರಿಚಿತರಿಗೂ ಒಂದೊಂದು ಹೋಳು ಕೊಟ್ಟಿದ್ದಾರೆ. ಅದನ್ನು ಮೊಮ್ಮಗನಿಗೆ ತನ್ನ ಕೈಯಾರೆ ಕೊಡಬೇಕೆಂಬುದು ಆಯಿಯ ಆಸೆ. ನನ್ನ ಸೋದರಳಿಯ ಆ ವರ್ಷ ಹದಿಮೂರು ತುಂಬಿದವನು.

ಪ್ರಯಾಣದಲ್ಲಿ ತೊಂದರೆಯೇನೂ ಆಗಲಿಲ್ಲ. ಅಡಕತ್ತರಿ ಮತ್ತು ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ವಿಮಾನದ ಒಡಲಿಗೆ ಹೋಗುವ ದೊಡ್ಡ ಪೆಟ್ಟಿಗೆಯಲ್ಲಿಟ್ಟೆವು. ಅಲ್ಲಿ ಅವಕ್ಕೆ ಅಡ್ಡಿಯಿಲ್ಲ. ಕೈಚೀಲದ ವಿಷಯದಲ್ಲಿ ಮಾತ್ರ ದೇಶದೇಶಕ್ಕೂ ಬೇರೆ ಲೆಕ್ಕ. ಐರೋಪ್ಯ ಒಕ್ಕೂಟದ ನಿಯಮ 6 ಸೆಂಟಿಮೀಟರ್ ಮೀರದ ಅಲಗನ್ನು ವಿಮಾನದೊಳಗೆ ಬಿಡುತ್ತದೆ. 2013ರಲ್ಲಿ ಅಮೆರಿಕವೂ ಹೆಚ್ಚುಕಡಿಮೆ ಅಷ್ಟೇ ಉದ್ದದ ಚಾಕುಗಳಿಗೆ ಅನುಮತಿ ನೀಡುವುದಾಗಿ ಸಾರಿತ್ತು. ವಿಮಾನ ಪರಿಚಾರಿಕೆಯರು ಮೊದಲಾದವರ ವಿರೋಧ ಎಷ್ಟಾಯಿತೆಂದರೆ ಕೆಲವೇ ತಿಂಗಳಲ್ಲಿ ಆ ಯೋಚನೆಯನ್ನು ಕೈಬಿಡಬೇಕಾಯಿತು.

ನಿಜವಾದ ಪ್ರಶ್ನೆ ಎದ್ದದ್ದು ತಂಗಿಯ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ. ಚಾಕುವನ್ನು ಕಂಡೊಡನೆ ತಂಗಿಯ ಮುಖ ಬಿಳುಚಿಕೊಂಡಿತು. “ಆಯಿ, ಇದನ್ನ ಅವನ ಕೈಗೆ ಮಾತ್ರ ಕೊಡಡ” ಎಂದಳು. ಆಯಿಗೆ ಅರ್ಥವಾಗಲಿಲ್ಲ. ಸಂಚಿಯ ಸಮೇತ ಪಾರ್ಕಿಗೆ ಹೋಗುವುದೂ ಬೇಡ, ಅಡಕತ್ತರಿಯನ್ನು ಮನೆಯಲ್ಲೇ ಇಟ್ಟು ಹೋಗು ಎಂದಾಗ ಅವಳಿಗೆ ನಗು ಬಂತು. “ಅಡಕೆ ಹೋಳು ಮಾಡದು ಬಿಟ್ರೆ ಇದ್ರಿಂದ ಇನ್ನೆಂತ ಮಾಡಲಾಗ್ತು?” ಎಂದು ಕೇಳಿದಳು.

ಇಂಗ್ಲೆಂಡಿನ ಕಾನೂನು ಕೇಳುವ ಪ್ರಶ್ನೆಯೂ ಬಹುಮಟ್ಟಿಗೆ ಅದೇ. ಆದರೆ ಉತ್ತರ ಹೇಳಬೇಕಾದವರು ಯಾರೆಂಬುದರಲ್ಲಿ ವ್ಯತ್ಯಾಸವಿದೆ. 1988ರ ಕ್ರಿಮಿನಲ್ ಜಸ್ಟಿಸ್ ಆ್ಯಕ್ಟಿನ 139ನೆಯ ಕಲಮಿನ ಪ್ರಕಾರ ಅಲಗಿರುವ ಅಥವಾ ಚೂಪು ಮೊನೆಯಿರುವ ಯಾವುದೇ ವಸ್ತುವನ್ನು ಸಾರ್ವಜನಿಕ ಸ್ಥಳದಲ್ಲಿ ಸಕಾರಣವಿಲ್ಲದೆ ಒಯ್ಯುವುದು ಅಪರಾಧ. ನಾಲ್ಕು ವರ್ಷಗಳವರೆಗೆ ಸೆರೆವಾಸ ಆಗಬಹುದು. ಕಾರಣವಿತ್ತೆಂದು ತೋರಿಸಿಕೊಡುವ ಹೊಣೆ ಒಯ್ದವನದು. ‘ಚೀಲದಲ್ಲಿರುವುದು ಮರೆತೇಹೋಗಿತ್ತು’ ಎಂಬುದು ತಾನಾಗಿಯೇ ಸಕಾರಣವಾಗುವುದಿಲ್ಲ. ‘ಆತ್ಮರಕ್ಷಣೆಗೆ ಇಟ್ಟುಕೊಂಡಿದ್ದೆ’ ಎಂದರಂತೂ ಬಿಡಿಸಿಕೊಳ್ಳುವುದು ಬಹಳ ಕಷ್ಟ. ನಮ್ಮ ಕಡೆ ತಕ್ಷಣ ನಾಲಿಗೆಗೆ ಬರುವ ಸಬೂಬುಗಳು ಈ ಎರಡೇ. ‘ಅಲಗು’ ಎಂಬುದರ ವ್ಯಾಪ್ತಿ ಎಷ್ಟು ವಿಶಾಲವೆಂದರೆ, ಬೆಣ್ಣೆ ಸವರುವ ಮೊಂಡು ಚಾಕು ಕೂಡ ಅದರೊಳಗೆ ಬರುತ್ತದೆಂದು 2005ರಲ್ಲಿ ಅಲ್ಲಿನ ಹೈಕೋರ್ಟು ತೀರ್ಪಿತ್ತಿದೆ. ಅಡಕತ್ತರಿಯ ಬಗ್ಗೆ ಇಂಗ್ಲಿಷ್ ನ್ಯಾಯಾಧೀಶರು ಏನು ಹೇಳಿಯಾರೋ ಕೇಳಲು ಸ್ವಾರಸ್ಯವಾಗಿದ್ದೀತು, ಅದಕ್ಕಾಗಿ ಆಯಿಯನ್ನು ಕಟಕಟೆಯಲ್ಲಿ ನಿಲ್ಲಿಸಬೇಕಾಗುವುದೊಂದೇ ತೊಡಕು.

ಇಷ್ಟು ಕಟ್ಟುನಿಟ್ಟಿನ ಕಾನೂನು ಒಂದು ವಿನಾಯಿತಿಯನ್ನೂ ಇಟ್ಟುಕೊಂಡಿದೆ. ಮಡಿಚುವ ಜೇಬುಚಾಕುವಿನ ಹರಿತವಾದ ಅಂಚು 3 ಇಂಚು, ಅಂದರೆ 7.62 ಸೆಂಟಿಮೀಟರ್, ಮೀರದಿದ್ದರೆ ಅದನ್ನು ಕಾರಣವಿಲ್ಲದೆಯೂ ಜೇಬಿನಲ್ಲಿಟ್ಟುಕೊಂಡು ತಿರುಗಬಹುದು. ಆದರೆ ತೆರೆದ ಅಲಗು ಗಟ್ಟಿಯಾಗಿ ಲಾಕ್ ಆಗುವಂತಿದ್ದರೆ ಅದು ಮಡಿಚುವ ಚಾಕು ಎನಿಸಿಕೊಳ್ಳುವುದಿಲ್ಲ. ತಂಗಿಯ ಗಂಡ ಶಾಲಾಪಟ್ಟಿ ತಂದು ಅಪ್ಪನ ಚಾಕುವಿನ ಅಲಗನ್ನು ಅಳೆದರು. ಎರಡೂ ಮುಕ್ಕಾಲು ಇಂಚು. ಲಾಕ್ ಇಲ್ಲ. ಅಂದರೆ ಆ ಚಾಕು ತಾನು ಹುಟ್ಟಿದ ದೇಶದಲ್ಲಿ ಸಂಪೂರ್ಣ ಕಾನೂನುಬದ್ಧ. ಭಾವ ಗೆದ್ದವರಂತೆ ತಲೆಯೆತ್ತಿ ನೋಡಿದರು.

ತಂಗಿ ಒಪ್ಪಲಿಲ್ಲ. ಅವಳು ಹೇಳಿದ ಮಾತನ್ನು ಇಲ್ಲಿ ನನ್ನ ಭಾಷೆಯಲ್ಲಿ ಕೊಡುತ್ತೇನೆ. ಪಟ್ಟಿ ಹಿಡಿದು ಅಳೆಯುವುದು ನ್ಯಾಯಾಲಯದಲ್ಲಿ. ಬೀದಿಯಲ್ಲಿ ಅಳೆಯುವವರು ಯಾರು? ಸಂಜೆಗತ್ತಲಲ್ಲಿ ಗೆಳೆಯರೊಡನೆ ಬಸ್ ನಿಲ್ದಾಣದಲ್ಲಿ ನಿಂತ ಕಂದು ಬಣ್ಣದ ಹುಡುಗನ ಜೇಬಿನಿಂದ ಚಾಕು ಹೊರಬಂದರೆ, ‘ಇದು ಎರಡೂ ಮುಕ್ಕಾಲು ಇಂಚು, ನಮ್ಮ ಅಜ್ಜನದು’ ಎಂಬ ಅವನ ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆ ಯಾರಿಗಿರುತ್ತದೆ? 1994ರ ಇನ್ನೊಂದು ಕಾಯ್ದೆಯ 60ನೆಯ ಕಲಮಿನಂತೆ, ಗಲಭೆಯ ಭಯವಿದೆಯೆಂದು ಗೊತ್ತುಪಡಿಸಿದ ಪ್ರದೇಶದಲ್ಲಿ ಪೊಲೀಸರು ನಿರ್ದಿಷ್ಟ ಸಂಶಯವಿಲ್ಲದೆಯೂ ಯಾರನ್ನು ಬೇಕಾದರೂ ತಡೆದು ಶೋಧಿಸಬಹುದು. ಬಿಳಿಯರಿಗಿಂತ ಕರಿಯರನ್ನು ಬಹಳ ಹೆಚ್ಚಾಗಿ ಹೀಗೆ ತಡೆಯುತ್ತಾರೆಂಬುದು ಅಲ್ಲಿನ ಸರ್ಕಾರದ ಅಂಕಿಅಂಶಗಳಲ್ಲೇ ಇದೆ. ಪೊಲೀಸರ ಮಾತು ಹಾಗಿರಲಿ, ಅವಳ ದೊಡ್ಡ ಭಯ ಬೇರೆಯೇ ಆಗಿತ್ತು. ಜೇಬಿನಲ್ಲಿ ಚಾಕುವಿದೆಯೆಂದು ಇತರ ಹುಡುಗರಿಗೆ ತಿಳಿದರೆ ಅವರಲ್ಲೊಬ್ಬ ಇನ್ನೂ ದೊಡ್ಡದನ್ನು ತಂದಾನು. ಹದಿಹರೆಯದವರು ಹದಿಹರೆಯದವರನ್ನೇ ಇರಿದು ಕೊಂದ ಸುದ್ದಿ ಅವಳಿಗೆ ದೂರದ್ದಲ್ಲ. ತಾನು ದಿನವೂ ಹಾದುಹೋಗುವ ರಸ್ತೆಯ ತಿರುವಿನಲ್ಲಿ ಹೂಗುಚ್ಛಗಳನ್ನೂ ಹುಡುಗನೊಬ್ಬನ ಫೋಟೋವನ್ನೂ ಅವಳು ವಾರಗಟ್ಟಲೆ ಕಂಡಿದ್ದಳು.

ನಾನು ಮೊದಲು ಭಾವನ ಪಕ್ಷದಲ್ಲಿದ್ದೆ. ಕಾನೂನು ಬಿಟ್ಟದ್ದನ್ನು ನಾವೇಕೆ ಬಿಡಬಾರದು ಎಂಬುದು ನನ್ನ ವಾದ. ಆದರೆ ಆ ಊರಿನಲ್ಲಿ ತಿರುಗಾಡಿದಂತೆ ತಂಗಿಯ ಮಾತಿನ ತೂಕ ತಿಳಿಯತೊಡಗಿತು. ಅಂಗಡಿಯಲ್ಲಿ ತರಕಾರಿ ಹೆಚ್ಚುವ ಚಾಕು ಕೊಳ್ಳಲು ಹದಿನೆಂಟು ತುಂಬಿರಬೇಕು. ಚಾಕುಗಳನ್ನು ತಂದು ಹಾಕಿಹೋಗಲೆಂದು ಕೆಲವು ಬೀದಿಗಳಲ್ಲಿ ಅಂಚೆಪೆಟ್ಟಿಗೆಯಂಥ ಉಕ್ಕಿನ ಡಬ್ಬಿಗಳನ್ನು ಇಟ್ಟಿದ್ದಾರೆ. ಹಾಕಿದವರ ಹೆಸರು ಯಾರೂ ಕೇಳುವುದಿಲ್ಲ. ದೇಶದಾದ್ಯಂತ ಹೀಗೆ ಒಪ್ಪಿಸಿದ ಸುಮಾರು ಒಂದು ಲಕ್ಷ ಚಾಕುಗಳನ್ನು ಬೆಸೆದು ಆಲ್ಫಿ ಬ್ರ್ಯಾಡ್ಲಿ ಎಂಬ ಶಿಲ್ಪಿ 27 ಅಡಿ ಎತ್ತರದ ದೇವದೂತನ ಪ್ರತಿಮೆಯೊಂದನ್ನು ಮಾಡಿದ್ದಾರೆ. 2018ರಿಂದ ಅದನ್ನು ಊರೂರಿಗೆ ಒಯ್ದು ನಿಲ್ಲಿಸಿದ್ದಾರೆ. ಅದರ ರೆಕ್ಕೆಗಳು ಬರಿಯ ಅಲಗುಗಳು. ಇಂಥ ಪ್ರತಿಮೆಯೊಂದು ಬೇಕಾದ ದೇಶದಲ್ಲಿ ಮೂರು ಇಂಚಿನ ವಿನಾಯಿತಿ ಇನ್ನೂ ಉಳಿದಿರುವುದು ಹಳೆಯ ಕಾಲವೊಂದರ ನೆನಪಿನಂತೆ ನನಗೆ ತೋರುತ್ತದೆ, ಪ್ರತಿಯೊಬ್ಬ ಗಂಡಸಿನ ಜೇಬಿನಲ್ಲೂ ಶೆಫೀಲ್ಡಿನ ಚಾಕುವಿದ್ದ ಕಾಲದ ನೆನಪು.

ಆ ಕಾನೂನು ಒಪ್ಪುವ ಕಾರಣಗಳಲ್ಲಿ ಮೂರನ್ನು ಹೆಸರಿಸಿಯೇ ಹೇಳಿದೆ: ಕೆಲಸ, ಧರ್ಮ ಮತ್ತು ರಾಷ್ಟ್ರೀಯ ಉಡುಪು. ಬಾಣಸಿಗನ ಚಾಕು, ಸಿಖ್ಖರ ಕೃಪಾಣ, ಸ್ಕಾಟ್ಲೆಂಡಿನವರು ಕಾಲುಚೀಲದ ಅಂಚಿನಲ್ಲಿ ಸಿಕ್ಕಿಸುವ ಪುಟ್ಟ ಚೂರಿ ಇವುಗಳಿಗೆ ಹೀಗೆ ರಕ್ಷಣೆಯಿದೆ. ಸ್ಕಾಟರ ಚೂರಿಯ ಬಗ್ಗೆ ಓದುವಾಗ ನಮ್ಮ ಕೊಡವರ ಪೀಚೆಕತ್ತಿ ಕಣ್ಣ ಮುಂದೆ ಬಂತು. ಕುಪ್ಯದ ಮೇಲೆ ಚೇಲೆ ಬಿಗಿದು ಅದರಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಳ್ಳದೆ ಕೊಡವ ವರನ ಉಡುಪು ಪೂರ್ಣವಾಗದು. ನಮ್ಮ ಸರ್ಕಾರವೂ ಕೊಡವರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಕೊಟ್ಟಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೃಪಾಣದ ವಿಷಯದಲ್ಲಿ ಕೆನಡಾದ ಸುಪ್ರೀಂ ಕೋರ್ಟು 2006ರಲ್ಲಿ ಕೊಟ್ಟ ತೀರ್ಪು ನನಗೆ ಹೆಚ್ಚು ಮಾನವೀಯವೆನಿಸುತ್ತದೆ. ಶಾಲೆಗೆ ಹೋಗುವ ಸಿಖ್ ಬಾಲಕನೊಬ್ಬನ ಕೃಪಾಣವನ್ನು ಪೂರ್ತಿ ನಿಷೇಧಿಸುವಂತಿಲ್ಲ, ಒರೆಯೊಳಗಿಟ್ಟು ಬಟ್ಟೆಯೊಳಗೆ ಹೊಲಿದು ಧರಿಸಬಹುದು ಎಂದಿತು. ಅಲಗು ಇರುತ್ತದೆ, ಕೈಗೆ ಮಾತ್ರ ಸಿಗುವುದಿಲ್ಲ. ಆಯಿಯ ಕವಳಕ್ಕೆ ಇಂಥ ಆಸರೆಯಿಲ್ಲ. ಅದು ಕೆಲಸವೂ ಅಲ್ಲ, ಧರ್ಮವೂ ಅಲ್ಲ, ಉಡುಪೂ ಅಲ್ಲ. ಅರವತ್ತು ವರ್ಷಗಳ ರೂಢಿ ಅಷ್ಟೆ.

ಇಂಗ್ಲೆಂಡೊಂದೇ ಹೀಗೆಂದು ತಿಳಿಯಬಾರದು. ಜಗತ್ತಿನ ಅತ್ಯುತ್ತಮ ಅಡುಗೆಚಾಕುಗಳನ್ನು ಮಾಡುವ ಜಪಾನಿನಲ್ಲಿ 6 ಸೆಂಟಿಮೀಟರ್ ಮೀರಿದ ಅಲಗನ್ನು ನ್ಯಾಯವಾದ ಕಾರಣವಿಲ್ಲದೆ ಒಯ್ದರೆ ಎರಡು ವರ್ಷಗಳವರೆಗೆ ಸೆರೆ ಅಥವಾ ಮೂರು ಲಕ್ಷ ಯೆನ್‌ವರೆಗೆ ದಂಡ. ಅದಕ್ಕಿಂತ ಚಿಕ್ಕದನ್ನು ಬಚ್ಚಿಟ್ಟುಕೊಂಡವರಿಗೆ 1948ರ ಲಘು ಅಪರಾಧಗಳ ಕಾಯ್ದೆ ಕಾದಿರುತ್ತದೆ. ಟೋಕಿಯೋದ ಕಪ್ಪಾಬಾಶಿ ಬೀದಿಯಲ್ಲಿ ಚಾಕು ಕೊಳ್ಳುವ ಪ್ರವಾಸಿಗಳು ಅಂಗಡಿಯವರು ಕಟ್ಟಿಕೊಟ್ಟ ಪೊಟ್ಟಣವನ್ನು ಬಿಚ್ಚದೆ, ರಸೀದಿಯ ಸಮೇತ ತರುವುದೇ ಒಳ್ಳೆಯದು. ಜರ್ಮನಿಯ ಸೋಲಿಂಗನ್ ಚಾಕುಗಳಿಂದಲೇ ಹೆಸರಾದ ಊರು. ಆ ಊರಿನ 650ನೆಯ ವರ್ಷದ ಉತ್ಸವದಲ್ಲಿಯೇ 2024ರ ಆಗಸ್ಟಿನಲ್ಲಿ ಒಬ್ಬ ಚಾಕುವಿನಿಂದ ಇರಿದು ಮೂವರನ್ನು ಕೊಂದ. ಅನಂತರ ಅಲ್ಲಿನ ಕಾನೂನು ಇನ್ನಷ್ಟು ಬಿಗಿಯಾಯಿತು. ಸ್ವಿಸ್ ಸೈನಿಕರ ಚಾಕು ಮಾಡುವ ವಿಕ್ಟೋರಿನಾಕ್ಸ್ ಕಂಪನಿ ಅದೇ ವರ್ಷ ಅಲಗೇ ಇಲ್ಲದ ಮಾದರಿಯೊಂದನ್ನು ರೂಪಿಸುತ್ತಿರುವುದಾಗಿ ಹೇಳಿತು.

ನಮ್ಮ ದೇಶದ ನಿಯಮಗಳು ಇದಕ್ಕೆ ಹೋಲಿಸಿದರೆ ಉದಾರವಾಗಿವೆ. ಶಸ್ತ್ರಾಸ್ತ್ರ ನಿಯಮಗಳು 9 ಇಂಚು ಉದ್ದ ಅಥವಾ 2 ಇಂಚು ಅಗಲ ಮೀರಿದ ಅಲಗನ್ನು ಆಯುಧವೆಂದು ಕರೆದು, ಮನೆಬಳಕೆಗೆ ಮತ್ತು ಬೇಸಾಯಕ್ಕೆಂದು ಮಾಡಿದವನ್ನು ಅದರಿಂದ ಹೊರಗಿಡುತ್ತವೆ. ನಮ್ಮ ತೋಟದ ಕತ್ತಿ ಉಳಿದಿರುವುದು ಆ ಒಂದು ವಾಕ್ಯದ ಕೃಪೆಯಿಂದ. ದೆಹಲಿಯ ಓದುಗರು ಮಾತ್ರ ಗಮನಿಸಬೇಕು: 1980ರ ಅಧಿಸೂಚನೆಯೊಂದು ಅಲ್ಲಿ ಗುಂಡಿ ಒತ್ತಿದರೆ ತೆರೆದುಕೊಳ್ಳುವ ಚಾಕುವಿಗೆ ಮಿತಿ ಹಾಕಿದೆ. ಉದ್ದ ಎಷ್ಟೆಂದಿರಿ? 7.62 ಸೆಂಟಿಮೀಟರ್. ಅದೇ ಮೂರು ಇಂಚು!

ಆಯಿ ವಾದಿಸಲಿಲ್ಲ. ಅಡಿಕೆಯನ್ನು ಬೆಳಿಗ್ಗೆಯೇ ಮನೆಯಲ್ಲಿ ಕುಳಿತು ಹೋಳು ಮಾಡಿ ಡಬ್ಬಿಗೆ ತುಂಬಿಕೊಂಡು ಪಾರ್ಕಿಗೆ ಹೋಗತೊಡಗಿದಳು. ಕವಳ ಹಾಕುವ ಹೊತ್ತಿಗೆ ಅಡಿಕೆ ಕತ್ತರಿಸಿದರೇ ರುಚಿ ಎಂಬುದು ಅವಳ ಮತ. ಆ ರುಚಿಯನ್ನು ಮೂರು ತಿಂಗಳು ಬಿಟ್ಟಳು. ಚಾಕುವನ್ನು ಮೊಮ್ಮಗನಿಗೆ ತೋರಿಸಿ, ಅಜ್ಜನ ಕಥೆಗಳನ್ನು ಹೇಳಿ, ತಿರುಗಿ ಸಂಚಿಗೆ ಹಾಕಿಕೊಂಡಳು. ಹುಡುಗ ಅದನ್ನು ಕೈಗೆ ತೆಗೆದುಕೊಳ್ಳಲು ಹಿಂಜರಿದದ್ದು ನಮ್ಮೆಲ್ಲರಿಗಿಂತ ಅವಳಿಗೆ ಹೆಚ್ಚು ನೋವುಂಟುಮಾಡಿತು. ಚಾಕು ಕಂಡರೆ ಕೂಡಲೇ ದೊಡ್ಡವರಿಗೆ ತಿಳಿಸಬೇಕೆಂದು ಶಾಲೆಯಲ್ಲಿ ಅವನಿಗೆ ಹೇಳಿಕೊಟ್ಟಿದ್ದರು. ಅವನು ಅದನ್ನು ಚಾಚೂ ತಪ್ಪದೆ ಪಾಲಿಸುವ ಮಗು.

ಎರಡು ವರ್ಷಗಳ ಬಳಿಕ ತಂಗಿಯ ಸಂಸಾರ ಡಿಸೆಂಬರಿನಲ್ಲಿ ಶಿರಸಿಗೆ ಬಂತು. ಅಡಿಕೆ ಕೊಯ್ಲಿನ ಕಾಲ. ಸಂಜೆಯಾದರೆ ಅಂಗಳದಲ್ಲಿ ದೀಪದ ಕೆಳಗೆ ಹತ್ತು ಹದಿನೈದು ಜನ ಮೆಟ್ಟುಗತ್ತಿಯ ಮುಂದೆ ಕುಳಿತು ಕಾಯಿ ಸುಲಿಯುತ್ತಿದ್ದರು. ಹುಡುಗ ಎರಡು ದಿನ ದೂರ ನಿಂತು ನೋಡಿದ. ಮೂರನೆಯ ದಿನ ಅಮ್ಮಮ್ಮನ ಬಳಿ ಹೋಗಿ, ಅಜ್ಜನ ಚಾಕು ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಆಮೇಲೆ ಅದು ಅವನ ಚಡ್ಡಿಯ ಜೇಬು ಬಿಟ್ಟು ಇಳಿಯಲಿಲ್ಲ. ಪೇರಲೆ ಹಣ್ಣು ಹೆಚ್ಚಿದ, ಬಾಳೆಯ ನಾರು ಕೊಯ್ದ, ಬಿದಿರಿನ ಪೀಪಿಯೊಂದನ್ನು ಮಾಡಹೋಗಿ ಹೆಬ್ಬೆರಳು ಗಾಯ ಮಾಡಿಕೊಂಡ. ತಂಗಿ ನೋಡಿಯೂ ನೋಡದಂತಿದ್ದಳು. ಹೊರಡುವ ಬೆಳಿಗ್ಗೆ ಯಾರೂ ಹೇಳುವ ಮೊದಲೇ ಅವನು ಅಲಗನ್ನು ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಮಡಿಚಿ, ಅಮ್ಮಮ್ಮನ ಸಂಚಿಯೊಳಗೆ ಅಡಕತ್ತರಿಯ ಪಕ್ಕದಲ್ಲಿ ಇಟ್ಟ. ಆಯಿ ಸಂಚಿಯ ದಾರ ಎಳೆದು ಗಂಟು ಹಾಕಿದಳು.